ಕರಡಿಗೆ ಹೆದರುತ್ತೇನೆ, ಗುಡ್ಡ ಬಿಟ್ಟುಕೊಡುವುದಿಲ್ಲ

ಕರಡಿ ಅಂದರೆ ನನಗೆ ಜೀವಭಯ. ತುಮಕೂರು ಜಿಲ್ಲೆಯ ನಮ್ಮ ಕಂದಿಕೆರೆ ಸೀಮೆಯಲ್ಲಿ ಯಾರಿಗಿಲ್ಲ ಹೇಳಿ? ಎರಗಿದರೆ ಅದು ಕೈ ಹಾಕುವುದು ಮುಖಕ್ಕೇ. ಕಣ್ಣು, ಮೂಗು, ನೆತ್ತಿಯ ಚರ್ಮ ಕಿತ್ತುಬರುತ್ತದೆ. ರಾತ್ರಿ ಕರೆಂಟು ಬಂದಾಗ ತೋಟಕ್ಕೆ ನೀರು ಬಿಡಲು ಹೋಗುವ ರೈತನ ಎದೆ ಡವಗುಟ್ಟುವುದು ಸುಳ್ಳಲ್ಲ. ಈ ಭಯವನ್ನು ಯಾರೂ ಹಗುರ ಮಾಡಬೇಡಿ.

ಆದರೆ ಇದೇ ಭಯವನ್ನು ಮುಂದಿಟ್ಟು, ಗುಡ್ಡ ಹೋದರೆ ಹೋಗಲಿ ಅನ್ನುವವರನ್ನು ಕೇಳುತ್ತೇನೆ. ಕರಡಿ ತೋಟಕ್ಕೆ ಇಳಿದದ್ದು ಯಾಕೆ?

ಅದು ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ. ಬೆಚ್ಚಿದರೆ, ಮರಿಗೆ ಆಪತ್ತು ಅನ್ನಿಸಿದರೆ ಎರಗುತ್ತದೆ. ಅದಕ್ಕೆ ಬೇಕಿರುವುದು ಹುತ್ತದ ಗೆದ್ದಲು, ಜೇನು, ಕಾರೆ, ಬೋರೆ, ನೇರಳೆ, ಕಕ್ಕೆಕಾಯಿ. ಮಲಗಲು ಬಂಡೆಯ ಸಂದು. ಚಳಿಗಾಲದಲ್ಲಿ ತಾಯಿ ಮರಿ ಹಾಕುವುದು ಅಲ್ಲೇ. ಮರಿಗಳನ್ನು ಬೆನ್ನಿಗೇರಿಸಿಕೊಂಡು ಹೊರಬರುವುದೂ ಅಲ್ಲಿಂದಲೇ.

ಆ ಬಂಡೆಗೆ ಸಿಡಿಮದ್ದು ಇಟ್ಟವರು ಯಾರು? ಹುತ್ತದ ಮೇಲೆ ಯಂತ್ರ ಹರಿಸಿದವರು ಯಾರು? ಚಿಕ್ಕನಾಯಕನಹಳ್ಳಿ ಗುಡ್ಡಗಳ ಹೊಟ್ಟೆ ಬಗೆದು ಅದಿರು ಸಾಗಿಸಿದರಲ್ಲ, ಆ ಲಾರಿಗಳನ್ನು ಕರಡಿ ಓಡಿಸಿತೇ?

ಆ ದಿನಗಳನ್ನು ಇಷ್ಟು ಬೇಗ ಮರೆತಿರಾ? ತೆಂಗಿನ ಗರಿಯ ಮೇಲೆ ಕೆಂಧೂಳು. ಹೊಂಬಾಳೆಯ ಮೇಲೆ ಕೆಂಧೂಳು. ಬೆಳಗ್ಗೆ ಒರೆಸಿದ ಜಗಲಿ ಸಂಜೆಗೆ ಮತ್ತೆ ಕೆಂಪು.

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು. 2022ರ ಆಗಸ್ಟ್ 26ರಂದು ಅದೇ ಕೋರ್ಟು ಈ ಎರಡೂ ಜಿಲ್ಲೆಗಳ ವಾರ್ಷಿಕ ಮಿತಿಯನ್ನು 70 ಲಕ್ಷ ಟನ್‌ನಿಂದ 1.5 ಕೋಟಿ ಟನ್‌ಗೆ ಏರಿಸಿತು. ಹನ್ನೊಂದೇ ವರ್ಷ. ಅದೇ ತಾರೀಕು. ಎರಡು ಪಟ್ಟಿಗೂ ಹೆಚ್ಚು! ಅಷ್ಟರಲ್ಲಿ ಗುಡ್ಡದ ಗಾಯ ಮಾಯಿತೇ? ಮಾಯಿತೆಂದು ಹತ್ತಿ ನೋಡಿ ಬಂದವರು ಯಾರು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿ ಹುಲಿಯ ಜೊತೆ ಕರಡಿಯೂ ಇದೆ. ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಅದರ ಗುಡ್ಡವನ್ನೇ ಕೊಂದರೆ? ಪರವಾನಗಿ! ಇದು ಯಾವ ಸೀಮೆಯ ನ್ಯಾಯ?

ತಪ್ಪು ಬೆಂಗಳೂರಿನಲ್ಲಿ ಕೂತ ಸರ್ಕಾರದ್ದು ಮಾತ್ರವಲ್ಲ. ಲಾರಿ ಬಾಡಿಗೆಯ ಆಸೆಗೆ ಬಾಯಿ ಮುಚ್ಚಿಕೊಂಡವರು ಊರೂರಲ್ಲೂ ಇದ್ದಾರೆ. ಓಟು ಕೇಳಲು ಬಂದವರನ್ನು ಗುಡ್ಡದ ಬಗ್ಗೆ ಒಂದು ಮಾತು ಕೇಳದೆ ಹಾರ ಹಾಕಿ ಕಳಿಸಿದವರೂ ಇದ್ದಾರೆ. ಗುಡ್ಡ ಹೋದರೆ ಕರಡಿ ಮಾತ್ರ ಹೋಗುವುದಿಲ್ಲ. ಮಳೆನೀರು ಹಿಡಿದು ಹಳ್ಳಕ್ಕೆ, ಕೆರೆಗೆ, ಬೋರಿಗೆ ಕೊಡುವುದು ಅದೇ ಗುಡ್ಡ. ನೀರಿಲ್ಲದ ತೆಂಗಿನಲ್ಲಿ ಕೊಬ್ಬರಿ ಎಲ್ಲಿಂದ ಬರಬೇಕು?

ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಗುಡ್ಡ ಹರಿದ ದುಡ್ಡು. ಮೊದಲು ಗುಡ್ಡಕ್ಕೇ ಸಲ್ಲಬೇಕು. ಕಾರೆ, ಬೋರೆ, ನೇರಳೆ ಅಲ್ಲಿ ಮತ್ತೆ ಏಳಬೇಕು. ರಸ್ತೆ, ಕಟ್ಟಡ ತೋರಿಸಿ ಲೆಕ್ಕ ಮುಗಿಸಲು ಬಿಡಬೇಡಿ.

ಮುಂದಿನ ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಕೇಳಿ: ನಮ್ಮ ಗುಡ್ಡಕ್ಕೆ ಎಷ್ಟು ಬಂತು, ಎಲ್ಲಿ ಹೋಯಿತು? ಉತ್ತರ ಬರುವವರೆಗೂ ಕೂರಬೇಡಿ.