ಡ್ರಾಕುಲಾನ ಆಕ್ಸೆಂಟ್

ಡ್ರಾಕುಲಾ ಹೇಗೆ ಮಾತಾಡ್ತಾನೆ ಅಂತ ನಮ್ಮ ಹಾಸ್ಟೆಲಿನಲ್ಲಿ ಯಾರನ್ನೇ ಕೇಳಿ, ಒಂದೊಂದೇ ಪದ ಎಳೆದು, ನಾಲಿಗೆ ಹೊರಳಿಸಿ ಮಿಮಿಕ್ರಿ ಮಾಡಿ ತೋರಿಸ್ತಾರೆ. ಅವರಲ್ಲಿ ಯಾರೂ 1931ರ ಆ ಸಿನಿಮಾ ನೋಡಿಲ್ಲ. (ನಾನೂ ಈ ರಜೆಯಲ್ಲೇ ನೋಡಿದ್ದು, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ.) ಆದರೆ ಅವರು ಅಣಕಿಸೋದು ಯಾವುದೋ ದೆವ್ವವನ್ನಲ್ಲ, ತಡವಾಗಿ ಇಂಗ್ಲಿಷ್ ಕಲಿತ ಒಬ್ಬ ಮನುಷ್ಯನನ್ನು.

ಅವನ ಹೆಸರು ಬೇಲಾ ಬ್ಲಾಸ್ಕೊ. 1882ರಲ್ಲಿ ಆಗಿನ ಹಂಗೇರಿಯ ಲುಗೋಸ್ ಎಂಬ ಊರಿನಲ್ಲಿ ಹುಟ್ಟಿದವನು. ನಮ್ಮವರ ಹಾಗೇ ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಲುಗೋಸಿ ಆದ. ಅಲ್ಲಿನ ರಂಗಭೂಮಿಯಲ್ಲಿ ಯೇಸುಕ್ರಿಸ್ತನ ಪಾತ್ರವನ್ನೂ ಮಾಡಿದ್ದಾನೆ! ನಟರ ಸಂಘ ಕಟ್ಟೋಕೆ ಹೋಗಿ, 1919ರಲ್ಲಿ ಸರ್ಕಾರ ಬದಲಾದಾಗ ದೇಶ ಬಿಟ್ಟು ಓಡಬೇಕಾಯಿತು. 1920ರ ಕೊನೆಗೆ ಹಡಗಿನಲ್ಲಿ ಅಮೆರಿಕ ತಲುಪಿದಾಗ ವಯಸ್ಸು 38. 1922ರಲ್ಲಿ ಮೊದಲ ಇಂಗ್ಲಿಷ್ ನಾಟಕ ಮಾಡುವಾಗ ಮಾತುಗಳನ್ನು ಬರೀ ಸದ್ದಾಗಿ ಬಾಯಿಪಾಠ ಮಾಡಿದ್ದನಂತೆ. 1927ರಲ್ಲಿ ಬ್ರಾಡ್‌ವೇಯಲ್ಲಿ ಡ್ರಾಕುಲಾ, ನಾಲ್ಕು ವರ್ಷದ ಮೇಲೆ ಅದೇ ಪಾತ್ರ ಸಿನಿಮಾದಲ್ಲಿ. ಸಂಬಳ ವಾರಕ್ಕೆ 500 ಡಾಲರ್.

ಆಮೇಲೆ ಬಂದಿದ್ದೆಲ್ಲ ಹೆಚ್ಚುಕಡಿಮೆ ಅದೇ. ಹುಚ್ಚು ವಿಜ್ಞಾನಿ, ಮಾಟಗಾರ, ಮತ್ತೆ ರಕ್ತಪಿಶಾಚಿ. ಅವನಿಗೆ ಅಷ್ಟೇ ಬರ್ತಿತ್ತು ಅಂತ ಹೇಳೋರಿದ್ದಾರೆ. ನಾನು ಒಪ್ಪಲ್ಲ. ಸಿಕ್ಕಿದ್ದಕ್ಕೆಲ್ಲ ಹ್ಞೂಂ ಅಂದ, ಅದು ನಿಜ. ಆದರೆ 1939ರ 'ಸನ್ ಆಫ್ ಫ್ರಾಂಕನ್‌ಸ್ಟೈನ್' ನೋಡಿ. ನೇಣಿಗೆ ಹಾಕಿದರೂ ಸಾಯದೆ ಕತ್ತು ಸೊಟ್ಟಗಾದ ಇಗೋರ್ ಆಗಿ ಅವನು ಬಂದರೆ, ಪಕ್ಕದಲ್ಲಿ ರಾಕ್ಷಸನೇ ಇದ್ದರೂ ಕಣ್ಣು ಇವನ ಮೇಲೇ ಇರುತ್ತೆ. ರಾಕ್ಷಸನ ವೇಷ ಹಾಕಿದ ಬೋರಿಸ್ ಕಾರ್ಲಾಫ್ ಕೂಡ ವಲಸಿಗನೇ, ಇಂಗ್ಲೆಂಡಿನವನು. ಶೂಟಿಂಗ್ ಮುಗಿದ ಮೇಲೆ ಅವನು ಮೇಕಪ್ ಒರೆಸಿಕೊಳ್ಳಬಹುದಿತ್ತು. ಆಕ್ಸೆಂಟನ್ನು ಎಲ್ಲಿ ಒರೆಸೋದು?

ಅದೇ ವರ್ಷ 'ನಿನೋಚ್ಕಾ' ಬಂತು. ಅದರಲ್ಲಿ ಲುಗೋಸಿ ರಷ್ಯಾದ ಅಧಿಕಾರಿ, ಒಂದೇ ಒಂದು ದೃಶ್ಯ. ಎದುರಿಗೆ ಗ್ರೇಟಾ ಗಾರ್ಬೊ. ಅವಳು ಸ್ವೀಡನ್ನಿನವಳು, ಅವನು ಹಂಗೇರಿಯವನು, ಇಬ್ಬರೂ ರಷ್ಯನ್ನರಾಗಿ ಇಂಗ್ಲಿಷ್ ಮಾತಾಡ್ತಾರೆ. ಅವಳು ಮೊದಲ ಸಲ ತೆರೆಯ ಮೇಲೆ ಬಾಯಿ ಬಿಟ್ಟಾಗ, 1930ರಲ್ಲಿ, ಗಾರ್ಬೊ ಮಾತಾಡ್ತಾಳೆ ಅಂತಲೇ ಕಂಪನಿ ಜಾಹೀರಾತು ಕೊಟ್ಟಿತ್ತು. ಅವಳ ಆಕ್ಸೆಂಟ್ ಸೌಂದರ್ಯ, ಇವನದು ಭಯ. ತಪ್ಪು ನಾಲಿಗೆಯದಾ, ಕೇಳೋ ಕಿವಿಯದಾ?

ನನಗೆ ಇದು ಯಾಕೆ ತಾಗಿತು ಅಂದ್ರೆ, ಹೋದ ತಿಂಗಳು ಮಾಕ್ ಇಂಟರ್‌ವ್ಯೂನಲ್ಲಿ ನನ್ನ ಉತ್ತರ ಸರಿಯಿತ್ತು, ಆದ್ರೂ ಎಂಟಿಐ ಜಾಸ್ತಿ ಅಂತ ಮಾರ್ಕ್ಸ್ ಹೋಯ್ತು. ಎಂಟಿಐ ಅಂದ್ರೆ ಮಾತೃಭಾಷೆಯ ಛಾಯೆ. ಊರಿಗೆ ಹೋದರೆ ಅಜ್ಜಿ, "ನಿಂದು ಕಾನ್ವೆಂಟ್ ಕನ್ನಡ ಕಣೋ" ಅಂತ ನಗ್ತಾರೆ.

ಲುಗೋಸಿ ತೀರಿಕೊಂಡಿದ್ದು 1956ರಲ್ಲಿ. ಡ್ರಾಕುಲಾನ ಕರಿ ನಿಲುವಂಗಿ ಹಾಕಿಯೇ ಮಣ್ಣು ಮಾಡಿದರು. ಅವನಿಗೆ ಆಸ್ಕರ್ ನಾಮಿನೇಷನ್ ಕೂಡ ಯಾವತ್ತೂ ಸಿಗಲಿಲ್ಲ. 1994ರ 'ಎಡ್ ವುಡ್' ಸಿನಿಮಾದಲ್ಲಿ ಅವನ ಪಾತ್ರ ಮಾಡಿ, ಅದೇ ಆಕ್ಸೆಂಟಿನಲ್ಲಿ ಮಾತಾಡಿದ ಮಾರ್ಟಿನ್ ಲ್ಯಾಂಡೋಗೆ ಆಸ್ಕರ್ ಬಂತು. ಲ್ಯಾಂಡೋ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ.