ಪ್ರಾರ್ಥನೆಯ ಭಾಷೆಗೆ ಗಿಟಾರಿನ ಜೊತೆ

ಹೀಬ್ರೂ ಎಂದೊಡನೆ ನಮ್ಮ ನೆನಪಿಗೆ ಬರುವುದು ಪ್ರವಾದಿಗಳ ಗಂಭೀರ ವಾಣಿ, ಯೆಹೂದಿಗಳ ಪ್ರಾರ್ಥನಾಮಂದಿರ. ಆ ಭಾಷೆಯಲ್ಲಿ ಸೊಗಸಾದ ರಾಕ್ ಸಂಗೀತವೂ ಉಂಟೆಂದು ಸ್ನೇಹಿತರೊಬ್ಬರು ಹೇಳಿದಾಗ ನಾನು ನಕ್ಕುಬಿಟ್ಟೆ. ವೇದಮಂತ್ರಕ್ಕೆ ಡೋಲು ಬಾರಿಸಿದಂತಾದೀತು ಎಂದೂ ಹೇಳಿದೆ. ಕೇಳಿದ ಮೇಲೆ ನಾಚುವ ಸರದಿ ನನ್ನದಾಯಿತು.

ಮೊದಲು ಕೇಳಿದ್ದು ಅರಿಕ್ ಐನ್‌ಸ್ಟೈನ್ ಮತ್ತು ಶಾಲೋಮ್ ಹನೋಖ್ ಜೊತೆಗೂಡಿ 1970ರಲ್ಲಿ ಹೊರತಂದ 'ಶಬ್ಲೂಲ್' ಎಂಬ ಧ್ವನಿಮುದ್ರಿಕೆ. ಆ ಪದಕ್ಕೆ ಬಸವನಹುಳು ಎಂದರ್ಥ. ಗಿಟಾರು ಗುಡುಗಿದರೂ ಐನ್‌ಸ್ಟೈನರ ಕಂಠದಲ್ಲಿ ಅಬ್ಬರವಿಲ್ಲ. ನೆರೆಯವರು ಜಗಲಿಯ ಮೇಲೆ ಕುಳಿತು ಮಾತನಾಡಿದಂತೆ ಹಾಡು ಸಾಗುತ್ತದೆ. ಅನಂತರ ಕೇಳಿದ್ದು 'ಕವೆರೆತ್', ಅಂದರೆ ಜೇನುಗೂಡು, ಎಂಬ ತಂಡದ ಹಾಡುಗಳನ್ನು. ಈ ತರುಣರು 1973ರ ತಮ್ಮ ಮೊದಲ ಮುದ್ರಿಕೆಯನ್ನು ತಾಳವಾದ್ಯಗಾರನ ಅಡ್ಡಹೆಸರಿನಿಂದಲೇ 'ಪೂಗಿಯ ಕತೆಗಳು' ಎಂದು ಕರೆದರು. ಮರುವರ್ಷ ಯೂರೋವಿಷನ್ ಸ್ಪರ್ಧೆಯಲ್ಲಿ ಏಳನೆಯ ಸ್ಥಾನ ಪಡೆದರು. ಹೀಬ್ರೂವಿನಲ್ಲಿ ಒತ್ತು ಬಹುಮಟ್ಟಿಗೆ ಪದದ ಕೊನೆಯ ಅಕ್ಷರದ ಮೇಲೆ ಬೀಳುವುದರಿಂದ, ಸಾಲು ತಾಳದ ಮೇಲೆಯೇ ಬಂದು ನಿಂತಂತೆ ನನ್ನ ಕಿವಿಗೆ ತೋರಿತು.

ಈ ಹಾಡುಗಳ ಹಿಂದೆ ಒಂದು ಸಾಹಸವಿದೆ. 1,500 ವರ್ಷಗಳಿಗೂ ಮಿಗಿಲಾಗಿ ಹೀಬ್ರೂ ಗ್ರಂಥಗಳಲ್ಲಿ, ಪ್ರಾರ್ಥನೆಯಲ್ಲಿ ಉಳಿದಿತ್ತೇ ಹೊರತು ಯಾರ ಮನೆಮಾತೂ ಆಗಿರಲಿಲ್ಲ. 1881ರಲ್ಲಿ ಪ್ಯಾಲೆಸ್ಟೈನಿಗೆ ಬಂದ ಎಲಿಯೇಜರ್ ಬೆನ್-ಯೆಹೂದ ತಮ್ಮ ಮಗನಿಗೆ ಮನೆಯಲ್ಲಿ ಬೇರೆ ಮಾತು ಕಿವಿಗೆ ಬೀಳದಂತೆ ಹಟ ಹಿಡಿದರು. ಪವಿತ್ರ ಭಾಷೆಯನ್ನು ಸಂತೆಗೆ ಎಳೆದರೆಂದು ಮಡಿವಂತರು ಕೆರಳಿದರು. ಆ ಮಡಿವಂತರ ಮಾತಿಗೂ ನನ್ನ ಅಂದಿನ ನಗೆಗೂ ಏನು ಭೇದ?

ಭಾಷೆ ಪೂಜೆಯಿಂದ ಉಳಿಯಬಹುದು, ಬಾಳುವುದು ಬಳಕೆಯಿಂದ. ಅದರಲ್ಲಿ ಜಗಳವಾಡಬೇಕು, ಪ್ರೇಮಿಸಬೇಕು, ಪೋಲಿ ಹರಟೆಯನ್ನೂ ಹೊಡೆಯಬೇಕು. ಹೀಬ್ರೂ ಬದುಕಿದೆಯೆಂಬುದಕ್ಕೆ ನಿಘಂಟುಗಳಿಗಿಂತ ಈ ಕಿಡಿಗೇಡಿ ಹಾಡುಗಳೇ ದೊಡ್ಡ ಸಾಕ್ಷಿಯೆಂದು ನನ್ನ ನಂಬಿಕೆ. ಕನ್ನಡವನ್ನು ತಾಯಿಯೆಂದು ಪೂಜಿಸುತ್ತ, ಹುಡುಗರು ಅದನ್ನು ಗಿಟಾರಿಗೆ ಹೊಂದಿಸಿದೊಡನೆ ಹುಬ್ಬು ಗಂಟಿಕ್ಕುವ ನಮ್ಮಂಥವರು ಇದನ್ನು ಯೋಚಿಸಬೇಕು.

ನನಗೆ ಹೀಬ್ರೂವಿನ ಹತ್ತು ಪದಗಳೂ ಬಾರವು. ಮೊದಲು ಕಲಿತದ್ದು ಬಸವನಹುಳುವಿನ ಹೆಸರು. ಶಾಸ್ತ್ರಗ್ರಂಥದಿಂದ ಆರಂಭಿಸಿದ್ದರೆ ಅಷ್ಟೂ ಕಲಿಯುತ್ತಿದ್ದೆನೋ ಇಲ್ಲವೋ!