ವಿಳಾಸ ಬಚ್ಚಿಡುವುದೂ ಅನ್ನ ಕಸಿಯುವುದೇ

ಜೀವನಾಂಶದ ಕುರಿತ ಚರ್ಚೆ ನಮ್ಮ ದೇಶದಲ್ಲಿ ನಲವತ್ತು ವರ್ಷಗಳಿಂದ ನಡೆಯುತ್ತಾ ಬಂದಿದೆ. 1985ರ ಶಾಹ್ ಬಾನು ತೀರ್ಪು, ಅದರ ಬೆನ್ನಿಗೇ ಬಂದ 1986ರ ಕಾಯ್ದೆ, ಆ ಕಾಯ್ದೆಗೆ ಹೊಸ ಅರ್ಥ ಕೊಟ್ಟ 2001ರ ಡ್ಯಾನಿಯಲ್ ಲತೀಫಿ ತೀರ್ಪು, ಎಲ್ಲವೂ ಓದುಗರಿಗೆ ಪರಿಚಿತ. 2024ರ ಜುಲೈ 10ರಂದು ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠವು, ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಮುಸ್ಲಿಮ್ ಮಹಿಳೆಗೂ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ಆ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ತೀರ್ಪು ಬಂದಾಗ ವೇದಿಕೆಗಳಲ್ಲಿ ಪರ-ವಿರೋಧದ ಭಾಷಣಗಳು ಧಾರಾಳವಾಗಿ ನಡೆದವು. ಆದರೆ ಹಕ್ಕು ಇದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆತ ಮೇಲೂ, 'ಅವನು ಈಗ ಎಲ್ಲಿದ್ದಾನೆ, ಏನು ಸಂಪಾದಿಸುತ್ತಾನೆ' ಎಂಬ ಪ್ರಶ್ನೆಗೆ ಉತ್ತರ ಸಿಗದೆ ಸೋಲುವ ಹೆಣ್ಣುಮಕ್ಕಳ ಬಗ್ಗೆ ಮಾತನಾಡಿದವರು ವಿರಳ.

ಸಿರುಗುಪ್ಪದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದಾನೆ. ಮೊದಲೆರಡು ವರ್ಷ ಹಣ ಬಂತು, ಬಳಿಕ ನಿಂತಿತು, ಆಮೇಲೆ ಫೋನ್ ನಂಬರೂ ಬದಲಾಯಿತು. ಆಕೆ ಎರಡು ಮಕ್ಕಳೊಂದಿಗೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಮೆಟ್ಟಿಲೇರುತ್ತಾಳೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು ಕಾನೂನು ಹೇಳುತ್ತದೆ. ಆದರೆ ಈ 60 ದಿನಗಳ ಲೆಕ್ಕ ಆರಂಭವಾಗುವುದು ಎದುರುದಾರನಿಗೆ ನೋಟೀಸು ತಲುಪಿದ ದಿನದಿಂದ. ನೋಟೀಸೇ ತಲುಪದಿದ್ದರೆ ಲೆಕ್ಕವೂ ಆರಂಭವಾಗುವುದಿಲ್ಲ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಏಕಪಕ್ಷೀಯ ಆದೇಶ ಸಾಧ್ಯ, ನಿಜ. ಆದರೆ ವಿಳಾಸವೇ ಗೊತ್ತಿಲ್ಲದವನ ಕುರಿತು ಅದನ್ನು ಮನವರಿಕೆ ಮಾಡಿಕೊಡುವುದು ಹೇಗೆ? ಹೀಗೆ ಒಂದು ವಿಳಾಸವು ಒಂದು ಕುಟುಂಬದ ಅನ್ನದ ಕೀಲಿಕೈ ಆಗಿಬಿಡುತ್ತದೆ.

ಆ ವಿಳಾಸ ನಿಜಕ್ಕೂ ಯಾರಿಗೂ ತಿಳಿದಿಲ್ಲವೇ? ಮೊದಲಿಗೆ, ಸರಕಾರಕ್ಕೆ ತಿಳಿದಿರುವ ಸಾಧ್ಯತೆ ಬಹಳ. ಹತ್ತನೇ ತರಗತಿ ಪಾಸಾಗದ ಕಾರ್ಮಿಕರು ಸಾಮಾನ್ಯವಾಗಿ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆದೇ ಕೊಲ್ಲಿಗೆ ಹೋಗಬೇಕು. ಅನುಮತಿಯ ಕಡತದಲ್ಲಿ ಮಾಲಿಕನ ಹೆಸರು, ಕರಾರು, ಸಂಬಳ ಎಲ್ಲವೂ ಇರುತ್ತದೆ. ಪಾಸ್‌ಪೋರ್ಟ್ ಕಚೇರಿಯಲ್ಲಿ ಅರ್ಜಿದಾರನ ಮನೆಯ ವಿವರವಿದೆ. ಸಮನ್ಸ್ ಅಥವಾ ವಾರಂಟ್ ಹೊರಟಿರುವುದು ಗಮನಕ್ಕೆ ಬಂದರೆ ಪಾಸ್‌ಪೋರ್ಟನ್ನು ತಡೆಹಿಡಿಯುವ ಅಧಿಕಾರವನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯ 10ನೇ ಸೆಕ್ಷನ್ ಆ ಕಚೇರಿಗೆ ಕೊಟ್ಟಿದೆ. ಒಂದು ಇಲಾಖೆಯ ಕಪಾಟಿನಲ್ಲಿರುವ ಕಾಗದ ಇನ್ನೊಂದು ಇಲಾಖೆಯ ಮೇಜಿಗೆ ಬಾರದಿರುವುದಷ್ಟೇ ಇಲ್ಲಿನ ತೊಡಕು. ಅದನ್ನು ತರಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದೆಂಬುದು ಆ ಹೆಣ್ಣುಮಗಳಿಗೆ ಗೊತ್ತಿರುವುದಿಲ್ಲ, ಹೇಳಿಕೊಡುವವರೂ ಇರುವುದಿಲ್ಲ.

ವಿಳಾಸ ಸಿಕ್ಕ ಮೇಲೆ ಕಾಗದ ಕಡಲು ದಾಟಬೇಕು. ನ್ಯಾಯಾಲಯದ ಕಾಗದಪತ್ರ ತಲುಪಿಸುವ ಹೇಗ್ ಒಪ್ಪಂದ ಭಾರತದ ಮಟ್ಟಿಗೆ 2007ರಲ್ಲಿ ಜಾರಿಗೆ ಬಂತು. ಸಂಯುಕ್ತ ಅರಬ್ ಸಂಸ್ಥಾನದೊಂದಿಗೆ 1999ರಲ್ಲಿ ಪ್ರತ್ಯೇಕ ಒಪ್ಪಂದವಾಗಿದೆ. ಸಮನ್ಸ್ ಜಾರಿ, ಸಾಕ್ಷ್ಯ ಸಂಗ್ರಹ, ಡಿಕ್ರಿಯ ಅನುಷ್ಠಾನ ಮೂರೂ ಅದರಲ್ಲಿವೆ. ಸಿವಿಲ್ ವ್ಯವಹಾರದ ಕಾಗದಗಳು ಕೇಂದ್ರ ಕಾನೂನು ಸಚಿವಾಲಯದ ಮೂಲಕ ಹೋಗುತ್ತವೆ, ಕ್ರಿಮಿನಲ್ ವ್ಯವಹಾರದವು ಗೃಹ ಸಚಿವಾಲಯದ ಮೂಲಕ. ಜೀವನಾಂಶದ ಅರ್ಜಿಯೋ ಕ್ರಿಮಿನಲ್ ಸಂಹಿತೆಯಲ್ಲಿದ್ದೂ ಸಿವಿಲ್ ಸ್ವಭಾವದ್ದು. ಯಾವ ಬಾಗಿಲು ತಟ್ಟಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳದೆ, ನಿಗದಿತ ನಮೂನೆಯಿಲ್ಲದೆ, ಆ ದೇಶ ಕೇಳುವ ಭಾಷಾಂತರವಿಲ್ಲದೆ ಕಳುಹಿಸಿದ ಲಕೋಟೆ ತಿಂಗಳುಗಳ ಬಳಿಕ ಹಾಗೆಯೇ ಮರಳುತ್ತದೆ. ಅಷ್ಟರಲ್ಲಿ ಮಕ್ಕಳ ಶಾಲೆಯ ಒಂದು ವರ್ಷ ಮುಗಿದಿರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಹೊರದೇಶದಲ್ಲಿ ಸಂಸಾರ ಹೂಡಿ, ಅದನ್ನು ಅಲ್ಲಿಯೇ ಬಿಟ್ಟು ಊರಿಗೆ ಮರಳಿದವರಿದ್ದಾರೆ. ಅವರ ವಿರುದ್ಧ ಅಲ್ಲಿನ ನ್ಯಾಯಾಲಯ ಜೀವನಾಂಶದ ಆದೇಶ ಮಾಡಿದರೆ ವಿಚಾರಣೆಯ ಪತ್ರ ಇತ್ತ ಬರುತ್ತದೆ. 1921ರ ಜೀವನಾಂಶ ಆದೇಶ ಜಾರಿ ಕಾಯ್ದೆ ಬ್ರಿಟಿಷ್ ಸಾಮ್ರಾಜ್ಯದ ಭಾಗಗಳ ನಡುವಿನ ಏರ್ಪಾಡಾಗಿ ಹುಟ್ಟಿತು. ಕೊಲ್ಲಿಯ ಮಟ್ಟಿಗೆ ದೊಡ್ಡ ಬದಲಾವಣೆಯಾದದ್ದು 2020ರ ಜನವರಿಯಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರಕಾರವು ಸಂಯುಕ್ತ ಅರಬ್ ಸಂಸ್ಥಾನವನ್ನು ಪರಸ್ಪರ ಮಾನ್ಯತೆಯ ಪ್ರದೇಶವೆಂದು ಘೋಷಿಸಿತು. ಅಲ್ಲಿನ ನಿಗದಿತ ನ್ಯಾಯಾಲಯಗಳ ಹಣದ ಡಿಕ್ರಿಯನ್ನು, 13ನೇ ಸೆಕ್ಷನ್ನಿನ ಆಕ್ಷೇಪಗಳಿಗೆ ಒಳಪಟ್ಟು, ಬಳ್ಳಾರಿಯ ಜಿಲ್ಲಾ ನ್ಯಾಯಾಲಯದ ಡಿಕ್ರಿಯಂತೆಯೇ ಇಲ್ಲಿ ಜಾರಿಗೊಳಿಸಬಹುದು. ಬಾಕಿದಾರನು ತನ್ನ ಆಸ್ತಿಪಾಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು ಆದೇಶ 21ರ 41ನೇ ನಿಯಮದಡಿ ನಿರ್ದೇಶಿಸಬಹುದು. ಹೊರದೇಶದ ನ್ಯಾಯಾಲಯ ಸಾಕ್ಷ್ಯ ಬೇಕೆಂದರೆ ಹೈಕೋರ್ಟು ಆಯೋಗ ನೇಮಿಸಿ ಇಲ್ಲಿಯೇ ಸಾಕ್ಷ್ಯ ಪಡೆಯಬಹುದು.

ಕಾನೂನಿನ ಈ ಸರಪಳಿಯ ಕೊನೆಯ ಕೊಂಡಿ ದೆಹಲಿಯಲ್ಲಿಲ್ಲ. ಕುರುಗೋಡಿನ ಓಣಿಯೊಂದರ ಮನೆಯ ಬಾಗಿಲಲ್ಲಿ ನಿಂತ ಪೇದೆಯೇ ಆ ಕೊಂಡಿ. 'ಸದರಿ ವ್ಯಕ್ತಿ ಪತ್ತೆಯಾಗಿಲ್ಲ' ಎಂದು ಆತ ಬರೆಯುವ ಒಂದು ಸಾಲಿನ ಷರಾ ಇಷ್ಟು ದೊಡ್ಡ ಏರ್ಪಾಡನ್ನು ಮುಗ್ಗರಿಸಬಲ್ಲದು. ಪತ್ತೆಯಾಗಿಲ್ಲವೆನ್ನಲು ಏನೇನು ವಿಚಾರಿಸಿದಿರಿ, ಯಾರನ್ನು ಕೇಳಿದಿರಿ ಎಂಬ ವರದಿಯನ್ನು ಮೇಲಧಿಕಾರಿಗಳು ಕಡ್ಡಾಯವಾಗಿ ಪಡೆಯಬೇಕು. ಬಂದ ಪತ್ರಕ್ಕೆ ಗಡುವಿನೊಳಗೆ ಉತ್ತರ ಹೋಗಬೇಕು. ಇಲ್ಲವೆಂಬ ಉತ್ತರವೂ ಉತ್ತರವೇ. ಮೌನ ಮಾತ್ರ ಉತ್ತರವಲ್ಲ.

ಜಗತ್ತು ಈ ಕಷ್ಟಕ್ಕೆ ದಾರಿ ಹುಡುಕಿಕೊಂಡಿದೆ. 2007ರ ನವೆಂಬರ್ 23ರ ಹೇಗ್ ಮಕ್ಕಳ ಜೀವನಾಂಶ ಒಪ್ಪಂದವು ಪ್ರತಿ ಸದಸ್ಯ ದೇಶದಲ್ಲೂ ಒಂದು ಕೇಂದ್ರ ಪ್ರಾಧಿಕಾರವನ್ನು ಕಡ್ಡಾಯ ಮಾಡಿದೆ. ಬಾಕಿದಾರನನ್ನು ಪತ್ತೆಹಚ್ಚಲು, ಅವನ ಆದಾಯದ ಮಾಹಿತಿ ಪಡೆಯಲು ನೆರವಾಗುವುದು ಅದರ ಕರ್ತವ್ಯ. ಅಮೆರಿಕ, ಬ್ರಿಟನ್, ಯುರೋಪಿಯನ್ ಒಕ್ಕೂಟ ಅದರಲ್ಲಿವೆ. ಭಾರತ ಈವರೆಗೆ ಸೇರಿಲ್ಲ. ಲಕ್ಷಾಂತರ ಮಂದಿಯನ್ನು ದುಡಿಯಲು ಹೊರಗೆ ಕಳುಹಿಸಿ, ಅವರ ಹಣವನ್ನು ಹೆಮ್ಮೆಯಿಂದ ಎಣಿಸುವ ದೇಶವು ಅವರ ಮಕ್ಕಳ ಅನ್ನದ ಒಪ್ಪಂದದಿಂದ ದೂರ ಉಳಿಯುವುದು ಶೋಭೆಯಲ್ಲ. ನಮ್ಮ ಸಂಸದರು ಸಂಸತ್ತಿನಲ್ಲಿ ಇದನ್ನು ಕೇಳಬೇಕು.

ಹಾಗೆಂದು ಕೇಳಿದವರಿಗೆಲ್ಲ ವಿವರ ಕೊಡಿ ಎಂದು ನಾವು ಹೇಳುತ್ತಿಲ್ಲ. ಫೋನಿನಲ್ಲಿ ಕೇಳಿದವರಿಗೆ, ಮಧ್ಯವರ್ತಿಗಳಿಗೆ ಯಾರ ವಿಳಾಸವನ್ನೂ ಸಂಬಳವನ್ನೂ ಕೊಡಬಾರದು. ಕೋರಿಕೆ ಲಿಖಿತವಾಗಿರಬೇಕು, ಅಧಿಕೃತ ಮಾರ್ಗದಲ್ಲಿ ಬಂದಿರಬೇಕು. ಕೇಳಿದ್ದಕ್ಕಷ್ಟೇ ಉತ್ತರ ಹೋಗಬೇಕು. ಮಗ ಕೊಡಬೇಕಾದ ಹಣಕ್ಕಾಗಿ ವೃದ್ಧ ತಂದೆತಾಯಿಯರನ್ನು ಠಾಣೆಗೆ ಅಲೆಸುವುದು ಅನ್ಯಾಯ. ಆರೋಪವೆಲ್ಲ ಸತ್ಯವೆಂದೂ ಭಾವಿಸಬೇಕಿಲ್ಲ. 2020ರ ನವೆಂಬರ್ 4ರ ರಜನೀಶ್-ನೇಹಾ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟು ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಗಂಡ ಹೆಂಡತಿ ಇಬ್ಬರೂ ಸಲ್ಲಿಸಬೇಕೆಂದಿದೆ. ನಿಜ ಹೇಳುವ ಹೊಣೆ ಇಬ್ಬರದೂ ಹೌದು.

ಇನ್ನು ನಮ್ಮ ಸಮುದಾಯದ ಮಾತು. ವಿಳಾಸ ತಿಳಿದಿರುವ ಎರಡನೆಯವರು ಕುಟುಂಬದವರು ಮತ್ತು ಜಮಾಅತಿನವರು. ರಮಝಾನಿನಲ್ಲಿ ಅವನು ಕಳುಹಿಸಿದ ಚಂದಾ ಮಸೀದಿಗೆ ತಲುಪುತ್ತದೆ, ಅಣ್ಣನ ಮಗಳ ಮದುವೆಗೆ ಉಡುಗೊರೆ ಬರುತ್ತದೆ. ಆದರೆ ಹೆಂಡತಿಯ ಕಡೆಯವರು ಕೇಳಿದರೆ 'ನಮಗೂ ಸಂಪರ್ಕವಿಲ್ಲ' ಎಂಬ ಉತ್ತರ! ಮನೆತನದ ಮಾನ ಉಳಿಸುವ ಹೆಸರಿನಲ್ಲಿ ಆಡುವ ಈ ಸುಳ್ಳಿಗೆ ದೀನಿನಲ್ಲಿ ಯಾವ ಆಧಾರವಿದೆ? ಸಾಕ್ಷ್ಯವನ್ನು ಮುಚ್ಚಿಡುವವನ ಹೃದಯವೇ ಪಾಪಿಯೆಂದು ಸೂರಃ ಅಲ್ ಬಕರಃದ 283ನೇ ವಚನ ಎಚ್ಚರಿಸುತ್ತದೆ. ಹೆತ್ತವರಿಗೂ ಬಂಧುಗಳಿಗೂ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ವಚನ ಆದೇಶಿಸುತ್ತದೆ. ಪತಿ ಅಬೂಸುಫ್ಯಾನ್ ಸಾಕಷ್ಟು ಖರ್ಚು ಕೊಡುವುದಿಲ್ಲವೆಂದು ಹಿಂದ್ ಪ್ರವಾದಿ(ಸ)ರಲ್ಲಿ ದೂರಿದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯೋಚಿತವಾಗಿ ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿಸಿದರು. ಇಮಾಮ್ ನವವಿಯವರು ಈ ಹದೀಸನ್ನು ಯಾವ ಮಾತು ಪರನಿಂದೆಯೆನಿಸದು ಎಂಬ ಅಧ್ಯಾಯದಲ್ಲಿ ಸೇರಿಸಿದ್ದಾರೆ. ಹಕ್ಕಿಗಾಗಿ ಸತ್ಯ ಹೇಳುವುದು ಗೀಬತ್ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ?

ಆದ್ದರಿಂದ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಮಸೀದಿ ಕಮಿಟಿಗಳ ಮುಂದೆ ನಾವು ಕೆಲವು ಸಲಹೆಗಳನ್ನಿಡುತ್ತೇವೆ. ಹೊರದೇಶದಲ್ಲಿ ದುಡಿಯುವ ವರನ ನಿಕಾಹ್ ನಡೆಸುವಾಗ ಪಾಸ್‌ಪೋರ್ಟ್ ಸಂಖ್ಯೆ, ಮಾಲಿಕನ ಹೆಸರು, ಅಲ್ಲಿನ ವಿಳಾಸವನ್ನು ದಫ್ತರಿನಲ್ಲಿ ಬರೆದು ವಧುವಿಗೂ ಒಂದು ಪ್ರತಿ ಕೊಡಿ. ಮದುವೆಯನ್ನು 1976ರ ಕರ್ನಾಟಕ ವಿವಾಹಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಆ ದಫ್ತರನ್ನು ಬೀಗದೊಳಗಿಡಿ, ನ್ಯಾಯಾಲಯ ಕೇಳಿದಾಗ ತಡಮಾಡದೆ ತೆರೆಯಿರಿ. ನೊಂದ ಹೆಣ್ಣುಮಗಳನ್ನು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದೊಯ್ಯಿರಿ. 1987ರ ಕಾಯ್ದೆಯಂತೆ ಮಹಿಳೆಗೂ ಮಗುವಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. 15100 ಅದರ ಸಹಾಯವಾಣಿ. ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಲು ಓದಿದ ಯುವಕರು ನೆರವಾಗಲಿ.

ಶರೀಅತ್ತಿನ ರಕ್ಷಣೆಗೆ ನಾವು ಬೀದಿಗಿಳಿದದ್ದುಂಟು. ಗಂಡನ ಮೇಲೆ ಹೆಂಡತಿ ಮಕ್ಕಳ ಖರ್ಚನ್ನು ಕಡ್ಡಾಯಗೊಳಿಸಿರುವುದೂ ಅದೇ ಶರೀಅತ್. ಅದರ ರಕ್ಷಣೆಗೆ ಮೆರವಣಿಗೆ ಬೇಕಿಲ್ಲ. ತಿಳಿದಿರುವ ವಿಳಾಸವನ್ನು ಕೇಳಬೇಕಾದವರು ಕೇಳಿದಾಗ ನಿಜವಾಗಿ ಹೇಳಿದರೆ ಸಾಕು.